ಗೇಟಿನ ಒಳಗಿನ ಇನ್‌ಸ್ಪೆಕ್ಟರ್, ರಾಕ್‌ವಿಲ್‌ನ ಹೆಡ್ ಆಫೀಸು: ಎನ್‌ಆರ್‌ಸಿ ತಪಾಸಣಾ ಸೇವೆ ಹೇಗಿದೆ?

ಅಮೆರಿಕದಲ್ಲಿ ಓಡುತ್ತಿರುವ ಯಾವ ಅಣು ವಿದ್ಯುತ್ ಸ್ಥಾವರಕ್ಕೆ ಹೋದರೂ ಬೇಲಿಯ ಒಳಗೆ, ಕಂಪನಿಯ ಕಚೇರಿಗಳ ಜೊತೆಗೇ, ಸರ್ಕಾರದ್ದೊಂದು ಕೋಣೆ ಇರುತ್ತದೆ. ಅದು ಅಮೆರಿಕದ ಅಣು ನಿಯಂತ್ರಣ ಸಂಸ್ಥೆ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ನಿನ, ಅಂದರೆ ಎನ್‌ಆರ್‌ಸಿಯ, ರೆಸಿಡೆಂಟ್ ಇನ್‌ಸ್ಪೆಕ್ಟರುಗಳ (ಸ್ಥಾವರದಲ್ಲೇ ನೆಲೆಸಿ ತಪಾಸಣೆ ಮಾಡುವವರ) ಕೋಣೆ. ಜಾಗ ಕೊಡಬೇಕಾದವರು ಕಂಪನಿಯವರು. ಒಂದೇ ರಿಯಾಕ್ಟರ್ ಇರುವ ಕಡೆ ಸುಮಾರು 250 ಚದರ ಅಡಿ ಇರಲಿ ಅಂತ ಅಮೆರಿಕದ ಕೇಂದ್ರ ನಿಯಮಾವಳಿಯ 10 ಸಿಎಫ್‌ಆರ್ 50.70 ನಿಯಮವೇ ಸೂಚಿಸುತ್ತದೆ. ಅದೇ ನಿಯಮದ ಇನ್ನೊಂದು ಸಾಲು ಇದಕ್ಕಿಂತ ಮುಖ್ಯ: ಇನ್‌ಸ್ಪೆಕ್ಟರ್ ಒಳಗೆ ಬಂದಿದ್ದಾರೆ ಅನ್ನುವ ಸುದ್ದಿಯನ್ನು, ಅವರೇ ಕೇಳಿಕೊಂಡ ಹೊರತು, ಸ್ಥಾವರದ ನೌಕರರು ಇನ್ನೊಬ್ಬರಿಗೆ ಮುಟ್ಟಿಸುವ ಹಾಗಿಲ್ಲ. ಗೇಟಿನವರು ಫೋನ್ ಮಾಡಿ ಕಂಟ್ರೋಲ್ ರೂಮನ್ನು ಎಚ್ಚರಿಸುವಂತಿಲ್ಲ. ಭಾನುವಾರ ರಾತ್ರಿ ಎರಡಕ್ಕೆ ಬಂದರೂ ಇದೇ ನಿಯಮ.

ಈ ವಿಮರ್ಶೆ ಆ ಕೋಣೆಯಲ್ಲಿ ಕೂತವರ ಬಗ್ಗೆ ಮಾತ್ರ ಅಲ್ಲ. ಅವರಿಗೂ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿರುವ ಕೇಂದ್ರ ಕಚೇರಿಗೂ ನಡುವೆ ಇರುವ ದಾರಿಯ ಬಗ್ಗೆ. ಈ ಸೇವೆಯ ನಿಜವಾದ ಗ್ರಾಹಕರು ಸ್ಥಾವರದ ಸುತ್ತ ಹತ್ತು ಮೈಲಿಯಲ್ಲಿ ಮನೆ ಮಾಡಿಕೊಂಡವರು. ಇನ್‌ಸ್ಪೆಕ್ಟರ್ ಎಷ್ಟೇ ಚುರುಕಾಗಿರಲಿ, ರಾಕ್‌ವಿಲ್‌ನಲ್ಲಿ ಎಷ್ಟೇ ದೊಡ್ಡ ಲೋಹಶಾಸ್ತ್ರಜ್ಞರಿರಲಿ, ಒಬ್ಬರ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರ ಮೇಜು ತಲುಪದೆ ಹೋದರೆ ಆ ಹತ್ತು ಮೈಲಿಯವರಿಗೆ ಸಿಗಬೇಕಾದದ್ದು ಸಿಗುವುದಿಲ್ಲ.

ಮೊದಲು ಏರ್ಪಾಡು ಹೇಗಿದೆ ನೋಡೋಣ. 1970ರ ದಶಕದ ಕೊನೆಯಲ್ಲಿ ಕೆಲವೇ ಸ್ಥಾವರಗಳಲ್ಲಿ ಶುರುವಾದ ರೆಸಿಡೆಂಟ್ ಪದ್ಧತಿ, 1979ರ ಮಾರ್ಚ್ 28ರ ಥ್ರೀ ಮೈಲ್ ಐಲೆಂಡ್ ಅಣು ಸ್ಥಾವರದ ಅಪಘಾತದ ನಂತರ ಎಲ್ಲ ಕಡೆಗೂ ಬಂತು. ಸಾಮಾನ್ಯವಾಗಿ ಒಂದು ಸ್ಥಾವರಕ್ಕೆ ಇಬ್ಬರು: ಒಬ್ಬರು ಸೀನಿಯರ್, ಒಬ್ಬರು ರೆಸಿಡೆಂಟ್. ರಿಯಾಕ್ಟರುಗಳು ಹೆಚ್ಚಿದ್ದರೆ ಇನ್ನೊಬ್ಬರು. ಸ್ಥಾವರದವರ ಜೊತೆ ಸಲುಗೆ ಬೆಳೆಯಬಾರದು ಅಂತ ಏಳು ವರ್ಷದ ಮಿತಿ ಇದೆ. ಇವರು ವರದಿ ಮಾಡಿಕೊಳ್ಳುವುದು ರಾಕ್‌ವಿಲ್‌ಗೆ ಅಲ್ಲ, ಪ್ರಾದೇಶಿಕ ಕಚೇರಿಯ ಬ್ರಾಂಚ್ ಚೀಫ್‌ಗೆ. ಅಂಥ ಕಚೇರಿಗಳು ನಾಲ್ಕು: ಪೆನ್ಸಿಲ್ವೇನಿಯಾ, ಅಟ್ಲಾಂಟಾ, ಶಿಕಾಗೋದ ಹತ್ತಿರ, ಟೆಕ್ಸಾಸಿನ ಆರ್ಲಿಂಗ್ಟನ್. ರಾಕ್‌ವಿಲ್‌ನಲ್ಲಿ ಪ್ರತಿ ಸ್ಥಾವರಕ್ಕೂ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಇರುತ್ತಾರೆ. ಪರವಾನಗಿಯ ತಿದ್ದುಪಡಿ, ವಿನಾಯಿತಿ, ಲೆಕ್ಕಾಚಾರಗಳ ಪರಿಶೀಲನೆ ಎಲ್ಲ ಅವರ ಮೂಲಕ. ಒಟ್ಟಿನಲ್ಲಿ ಪರವಾನಗಿಯ ಅರ್ಥ ಗೊತ್ತಿರುವವರು ಒಂದು ಕಡೆ, ಪಂಪಿನ ಸದ್ದು ಗೊತ್ತಿರುವವರು ಇನ್ನೊಂದು ಕಡೆ, ಇಬ್ಬರ ನಡುವೆ ಮೂರನೆಯದೊಂದು ಕಚೇರಿ. ಸಹಕಾರದ ಗಂಟು ಬಿಗಿಯುವುದು ಇಲ್ಲೇ.

ದಿನದ ಕೆಲಸಕ್ಕೆ ಒಳ್ಳೆಯ ಅಂಕ ಕೊಡಬಹುದು. ಇನ್‌ಸ್ಪೆಕ್ಟರ್ ಬೆಳಿಗ್ಗೆ ಕಂಟ್ರೋಲ್ ರೂಮಿಗೆ ಹೋಗಿ ಶಿಫ್ಟ್ ಲಾಗ್ ಓದುತ್ತಾರೆ, ಹಿಂದಿನ ದಿನ ದಾಖಲಾದ ಕಂಡಿಷನ್ ರಿಪೋರ್ಟುಗಳನ್ನು (ಸ್ಥಾವರದವರೇ ಕಂಡ ತೊಂದರೆಗಳನ್ನು ಬರೆದಿಡುವ ವರದಿ) ನೋಡುತ್ತಾರೆ, ಕಂಪನಿಯ ಬೆಳಗಿನ ಸಭೆಯಲ್ಲಿ ಕೂರುತ್ತಾರೆ. ಆಮೇಲೆ ಬ್ರಾಂಚ್ ಚೀಫ್‌ಗೆ ಫೋನು. ತುರ್ತು ಸ್ಥಿತಿ ಘೋಷಣೆಯಾದರೆ ಕಂಪನಿ ಒಂದು ಗಂಟೆಯೊಳಗೆ, ಉಳಿದ ಘಟನೆಗಳಿಗೆ ಅವುಗಳ ಬಗೆ ನೋಡಿ ನಾಲ್ಕು ಅಥವಾ ಎಂಟು ಗಂಟೆಯೊಳಗೆ, ಕೇಂದ್ರದ ಆಪರೇಷನ್ಸ್ ಸೆಂಟರ್‌ಗೆ ತಿಳಿಸಬೇಕು. ಅಲ್ಲಿ 24 ಗಂಟೆಯೂ ಜನ ಇರುತ್ತಾರೆ. ಗಡಿಯಾರ ಇಟ್ಟುಕೊಂಡು ನಡೆಯುವ ಈ ಕೆಲಸಗಳಲ್ಲಿ ಎನ್‌ಆರ್‌ಸಿ ಚೆನ್ನಾಗಿದೆ.

ಇದಕ್ಕೆ ಒಳ್ಳೆಯ ಉದಾಹರಣೆ ಎನ್‌ಒಇಡಿ ಎಂಬ ತಾತ್ಕಾಲಿಕ ವಿನಾಯಿತಿ. ಒಂದು ತುರ್ತು ಡೀಸೆಲ್ ಜನರೇಟರ್ ಕೆಟ್ಟಿದೆ ಅಂತಿಟ್ಟುಕೊಳ್ಳಿ. ಹಲವು ಸ್ಥಾವರಗಳಲ್ಲಿ ರಿಪೇರಿಗೆ ಸಿಗುವುದು 72 ಗಂಟೆ. ಮೀರಿದರೆ ರಿಯಾಕ್ಟರ್ ನಿಲ್ಲಿಸಬೇಕು. 66ನೇ ಗಂಟೆಯಲ್ಲಿ ಇನ್ನೂ ಹನ್ನೆರಡು ಗಂಟೆ ಬೇಕು ಅಂತ ಕಂಪನಿ ಕೇಳುತ್ತದೆ. ಆಗ ಪ್ರಾದೇಶಿಕ ಕಚೇರಿ, ರಾಕ್‌ವಿಲ್‌ನ ತಾಂತ್ರಿಕ ವಿಭಾಗ, ಕಂಪನಿ ಎಲ್ಲರೂ ಒಂದೇ ಫೋನ್ ಕರೆಯಲ್ಲಿ ಸೇರುತ್ತಾರೆ. ಕಂಪನಿ ಹೇಳುವುದನ್ನು ನಂಬಿ ಕೂರಬೇಕಾಗಿಲ್ಲ. ರೆಸಿಡೆಂಟ್ ಸ್ವತಃ ಹೋಗಿ ಇನ್ನೊಂದು ಜನರೇಟರ್ ಸಿದ್ಧವಿದೆಯೇ, ಅದರ ಕೋಣೆಗೆ ಯಾರೂ ಕೈಹಾಕದಂತೆ ಹಗ್ಗ ಕಟ್ಟಿ ಫಲಕ ಹಾಕಿದ್ದಾರೆಯೇ, ಸ್ವಿಚ್‌ಯಾರ್ಡಿನ (ಹೊರಗಿನ ವಿದ್ಯುತ್ ಜಾಲಕ್ಕೆ ಸ್ಥಾವರ ಸೇರುವ ಅಂಗಳದ) ಕೆಲಸ ನಿಲ್ಲಿಸಿದ್ದಾರೆಯೇ ಅಂತ ಕಣ್ಣಾರೆ ನೋಡಿ ಹೇಳುತ್ತಾರೆ. ಬಾಯಿಮಾತಿನ ಒಪ್ಪಿಗೆ ಸಿಕ್ಕರೆ ಎರಡು ಕೆಲಸದ ದಿನದೊಳಗೆ ಕಂಪನಿ ಅದನ್ನೇ ಬರೆದು ಕೊಡಬೇಕು. ಕೆಲವೇ ಗಂಟೆಗಳಲ್ಲಿ ಮೂರೂ ಕಚೇರಿ ಒಂದೇ ಚಿತ್ರ ನೋಡುತ್ತಿರುತ್ತವೆ. ಪ್ರಶ್ನೆ ಒಂದೇ, ಗಡುವು ಒಂದೇ, ಉತ್ತರಕ್ಕೆ ಯಾರು ಹೊಣೆ ಅನ್ನುವುದೂ ಸ್ಪಷ್ಟ. ಈ ಮೂರು ಇದ್ದ ಕಡೆ ಸಹಕಾರ ತಾನಾಗಿ ಬರುತ್ತದೆ.

ಇನ್ನೂ ಪ್ರಶ್ನೆಯ ರೂಪಕ್ಕೆ ಬಾರದ ಸಂಗತಿಗಳಲ್ಲೇ ತೊಂದರೆ. ಇದನ್ನು ಹೇಳಲು ಒಹಾಯೋದ ಈರಿ ಸರೋವರದ ದಂಡೆಯಲ್ಲಿರುವ ಡೇವಿಸ್-ಬೆಸ್ಸಿ ಸ್ಥಾವರಕ್ಕಿಂತ ಸ್ಪಷ್ಟವಾದ ಪ್ರಕರಣ ಇಲ್ಲ.

2000ದ ಇಂಧನ ಬದಲಾವಣೆಯ ಸಮಯದಲ್ಲಿ ಅಲ್ಲಿ ತೆಗೆದ ಒಂದು ಫೋಟೋದಲ್ಲಿ, ರಿಯಾಕ್ಟರ್ ಪಾತ್ರೆಯ ಮುಚ್ಚಳದ ಮೇಲಿನ ಕಿಂಡಿಗಳಿಂದ, ರಿಯಾಕ್ಟರಿನ ನೀರಿನಲ್ಲಿ ಬೆರೆಸಿರುವ ಬೋರಿಕ್ ಆಮ್ಲ ತುಕ್ಕುಗೆಂಪು ಬಣ್ಣದಲ್ಲಿ ಇಳಿದು ಗಟ್ಟಿಯಾಗಿದೆ. ಶುದ್ಧ ಬೋರಿಕ್ ಆಮ್ಲ ಬೆಳ್ಳಗಿರುತ್ತದೆ. ಕೆಂಪಾಗಿದೆ ಅಂದರೆ ಎಲ್ಲೋ ಕಬ್ಬಿಣ ಕರಗುತ್ತಿದೆ ಅಂತಲೇ ಅರ್ಥ. ಆ ಫೋಟೋ ಲಗತ್ತಿಸಿದ ಕಂಡಿಷನ್ ರಿಪೋರ್ಟ್ ರೆಸಿಡೆಂಟ್ ಕಚೇರಿಗೂ ಬಂದಿತ್ತು. ಅಲ್ಲದೆ ಕಂಟೇನ್‌ಮೆಂಟಿನ (ರಿಯಾಕ್ಟರನ್ನು ಸುತ್ತುವರಿದ ಭದ್ರ ಕಟ್ಟಡದ) ಗಾಳಿ ತಂಪು ಮಾಡುವ ಕಾಯಿಲುಗಳ ಮೇಲೆ ಬೋರಿಕ್ ಆಮ್ಲ ಕೂತು ಪದೇ ಪದೇ ತೊಳೆಯಬೇಕಾಗುತ್ತಿತ್ತು. ವಿಕಿರಣ ಅಳೆಯುವ ಯಂತ್ರದ ಫಿಲ್ಟರುಗಳು ಕಂದು ಪುಡಿಯಿಂದ ಕಟ್ಟಿಕೊಳ್ಳುತ್ತಿದ್ದವು. ಇವೆಲ್ಲ ಬೇರೆ ಬೇರೆ ಕಡತಗಳಲ್ಲಿ ಬೇರೆ ಬೇರೆ ಸಣ್ಣ ತೊಂದರೆಗಳಾಗಿ ಕೂತಿದ್ದವು.

ಅದೇ ಹೊತ್ತಿಗೆ ರಾಕ್‌ವಿಲ್‌ನಲ್ಲಿ ಇನ್ನೊಂದು ಎಳೆ ಓಡುತ್ತಿತ್ತು. ಸೌತ್ ಕೆರೊಲಿನಾದ ಓಕೋನಿ ಸ್ಥಾವರದಲ್ಲಿ ಕಂಟ್ರೋಲ್ ರಾಡಿನ ನಾಝಲ್‌ಗಳ (ಮುಚ್ಚಳದ ಮೂಲಕ ಹಾಯುವ ಕೊಳವೆಗಳ) ಸುತ್ತ ಬಿರುಕು ಸಿಕ್ಕಿದ್ದರಿಂದ 2001ರ ಆಗಸ್ಟಿನಲ್ಲಿ ಸ್ಥಾವರಗಳಿಗೆ ಬುಲೆಟಿನ್ 2001-01 ಎಂಬ ಅಧಿಕೃತ ಸೂಚನಾ ಪತ್ರ ಹೊರಟಿತು. ಅಪಾಯ ಹೆಚ್ಚಿರುವ ಸ್ಥಾವರಗಳು ಡಿಸೆಂಬರ್ 31ರೊಳಗೆ ಮುಚ್ಚಳ ಪರೀಕ್ಷಿಸಬೇಕು ಅಂತ ಕೇಂದ್ರದ ಅಪೇಕ್ಷೆ. ಡೇವಿಸ್-ಬೆಸ್ಸಿಗೆ ನಿಲುಗಡೆ ಆದೇಶದ ಕರಡೂ ಸಿದ್ಧವಾಗಿತ್ತು. ಮಾತುಕತೆ ನಡೆದು ಗಡುವು 2002ರ ಫೆಬ್ರವರಿ 16ಕ್ಕೆ ಹೋಯಿತು. ಆ ಮಾತುಕತೆಯ ಮೇಜಿನ ಮೇಲೆ ಕೆಂಪು ಫೋಟೋ ಇರಲಿಲ್ಲ. ಮಾರ್ಚಿನಲ್ಲಿ ಬಿಚ್ಚಿ ನೋಡಿದಾಗ ಆರೂವರೆ ಅಂಗುಲಕ್ಕಿಂತ ದಪ್ಪದ ಉಕ್ಕು ಒಂದು ಕಡೆ ಪೂರ್ತಿ ತಿಂದುಹೋಗಿ, ಒಳಮೈಯ ಸುಮಾರು 3/8 ಅಂಗುಲದ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆ ಒಂದೇ ಒತ್ತಡವನ್ನೆಲ್ಲ ತಡೆದುಕೊಂಡು ನಿಂತಿತ್ತು.

ಇಲ್ಲಿ ಎನ್‌ಆರ್‌ಸಿಯ ಒಳಗೆ ಯಾರೂ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ, ಸುಮ್ಮನೆ ಇದ್ದರೆ ಸಾಕಾಗಿತ್ತು. ಫೋಟೋ ನೋಡಿದವರಿಗೆ ನಾಝಲ್ ಬಿರುಕಿನ ಚರ್ಚೆಯ ತೂಕ ಗೊತ್ತಿರಲಿಲ್ಲ, ಬಿರುಕಿನ ಲೆಕ್ಕ ಹಾಕುತ್ತಿದ್ದವರಿಗೆ ಅಂಥದ್ದೊಂದು ಫೋಟೋ ಇದೆ ಅಂತಲೇ ಗೊತ್ತಿರಲಿಲ್ಲ. ಹಾಗಾಗಿ ‘ಇನ್ನೂ ಹೆಚ್ಚು ಸಂವಹನ ಮಾಡಿ’ ಅನ್ನುವ ಸುತ್ತೋಲೆಗಳಿಂದ ಪ್ರಯೋಜನ ಕಡಿಮೆ. ಬುಲೆಟಿನ್ ಹೊರಡಿಸಿದ ದಿನವೇ ಪ್ರಾಜೆಕ್ಟ್ ಮ್ಯಾನೇಜರ್ ರೆಸಿಡೆಂಟ್‌ಗೆ ಫೋನ್ ಮಾಡಿ ಮೂರು ಕೇಳಬೇಕು: ಈ ಭಾಗವನ್ನು ಕೊನೆಯ ಬಾರಿ ಕಣ್ಣಾರೆ ನೋಡಿದ್ದು ಯಾವಾಗ? ಆಗ ತೆಗೆದ ಫೋಟೋ ಎಲ್ಲಿವೆ? ಇದಕ್ಕೆ ಸಂಬಂಧಪಟ್ಟ ಕಂಡಿಷನ್ ರಿಪೋರ್ಟುಗಳು ಯಾವುವು? ಉತ್ತರದ ಜೊತೆ ಫೋಟೋಗಳೇ ಹೋಗಬೇಕು, ಸಾರಾಂಶ ಹೋದರೆ ಸಾಲದು. ‘ಮುಚ್ಚಳದ ಮೇಲೆ ಬೋರಿಕ್ ಆಮ್ಲದ ಶೇಖರಣೆ ಇದೆ’ ಅಂತ ಬರೆದ ಸಾಲಿನಲ್ಲಿ ಬಣ್ಣ ಕಾಣುವುದಿಲ್ಲ.

ತದ್ವಿರುದ್ಧವಾಗಿ ನಡೆದ ಪ್ರಕರಣವೂ ಇದೆ, ಅದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. 2016ರಲ್ಲಿ ಮುಚ್ಚಿದ ನೆಬ್ರಾಸ್ಕದ ಫೋರ್ಟ್ ಕ್ಯಾಲ್ಹೂನ್ ಸ್ಥಾವರ ಮಿಸೌರಿ ನದಿಯ ದಂಡೆಯಲ್ಲಿತ್ತು. ಸಮುದ್ರ ಮಟ್ಟದಿಂದ 1014 ಅಡಿವರೆಗೆ ನೆರೆ ಬಂದರೂ ತಡೆಯುತ್ತೇವೆ ಅಂತ ಕಂಪನಿಯ ದಾಖಲೆ ಹೇಳುತ್ತಿತ್ತು. ಉಕ್ಕಿನ ನೆರೆಬಾಗಿಲುಗಳು ಸುಮಾರು 1009 ಅಡಿವರೆಗೆ, ಉಳಿದ ಐದಡಿಗೆ ಅವುಗಳ ನೆತ್ತಿಯ ಮೇಲೆ ಮರಳಿನ ಚೀಲ. ಇನ್‌ಸ್ಪೆಕ್ಟರುಗಳು ಹೋಗಿ ಬಾಗಿಲಿನ ನೆತ್ತಿ ನೋಡಿದರೆ ಅದರ ಅಗಲ ಅರ್ಧ ಅಂಗುಲ. ಅದರ ಮೇಲೆ ಐದಡಿ ನೀರನ್ನು ತಡೆಯುವ ಮರಳಿನ ಗೋಡೆ ನಿಲ್ಲುವುದಿಲ್ಲ. ಕಾಗದ ಓದಿದವರಿಗೆ ಇದು ತಿಳಿಯುವಂತಿರಲಿಲ್ಲ. ಹಾಗೆಯೇ ಬಾಗಿಲು ನೋಡಿದವರಿಗೆ ಅದರಿಂದ ಅಪಾಯ ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕಿ ಸಮರ್ಥಿಸಲು ಅಪಾಯ ವಿಶ್ಲೇಷಕರ ಬೆಂಬಲ ಬೇಕಿತ್ತು. ಕಂಪನಿ ಒಪ್ಪಲಿಲ್ಲ, ವಾದ ಮಾಡಿತು. ಎನ್‌ಆರ್‌ಸಿ ಬಿಡಲಿಲ್ಲ, 2010ರ ಅಕ್ಟೋಬರಿನಲ್ಲಿ ಹಳದಿ ಫೈಂಡಿಂಗ್ (ಅಪಾಯಕ್ಕೆ ತಕ್ಕ ಬಣ್ಣ ಹಚ್ಚಿ ಲೋಪವನ್ನು ದಾಖಲಿಸುವ ತೀರ್ಮಾನ) ಕೊಟ್ಟಿತು. ಎಂಟು ತಿಂಗಳು ಕಳೆದು, 2011ರ ಜೂನಿನಲ್ಲಿ, ನದಿ 1006 ಅಡಿ ದಾಟಿ ಸ್ಥಾವರದ ಅಂಗಳಕ್ಕೆ ನುಗ್ಗಿತು. ಅಷ್ಟರಲ್ಲಿ ರಕ್ಷಣಾ ಕೆಲಸಗಳು ಸುಧಾರಿಸಿದ್ದವು. ನೆರೆ ಮೊದಲು ಬಂದು ಫೈಂಡಿಂಗ್ ಆಮೇಲೆ ಬಂದಿದ್ದರೆ ಕಥೆ ಬೇರೆಯಾಗಿರುತ್ತಿತ್ತು.

ಬಣ್ಣಗಳ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಸ್ಥಳದವರೂ ಕೇಂದ್ರದವರೂ ಹೆಚ್ಚು ಜಗ್ಗಾಡುವುದು ಇಲ್ಲೇ. 2000ದ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಯಾಕ್ಟರ್ ಓವರ್‌ಸೈಟ್ ಪ್ರೊಸೆಸ್ ಎಂಬ ಮೇಲ್ವಿಚಾರಣಾ ಪದ್ಧತಿಯಲ್ಲಿ, ಒಂದು ಲೋಪದಿಂದ ಕೋರ್ ಹಾನಿಯ (ರಿಯಾಕ್ಟರಿನ ಇಂಧನ ಹಾಳಾಗುವ) ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಏರಿದರೆ ಹಸಿರು, ಲಕ್ಷದಲ್ಲಿ ಒಂದರ ತನಕ ಬಿಳಿ, ಹತ್ತು ಸಾವಿರದಲ್ಲಿ ಒಂದರ ತನಕ ಹಳದಿ, ಅದರಾಚೆ ಕೆಂಪು. ಹಸಿರಾದರೆ ಕಂಪನಿ ತಾನೇ ಸರಿಮಾಡಿಕೊಳ್ಳುತ್ತದೆ. ಬಿಳಿಯಾದರೆ ಹೆಚ್ಚುವರಿ ತಪಾಸಣೆ ಬರುತ್ತದೆ. ಹಸಿರು-ಬಿಳಿ ನಡುವಿನ ಗೆರೆಗಾಗಿ ತಿಂಗಳುಗಟ್ಟಲೆ ಹೋರಾಟ ನಡೆಯುವುದು ಅದಕ್ಕೇ.

ಉದಾಹರಣೆಗೆ ಒಂದು ಪಂಪನ್ನು 92 ದಿನಕ್ಕೊಮ್ಮೆ ಓಡಿಸಿ ಪರೀಕ್ಷಿಸುತ್ತಾರೆ. ಈ ಸಲ ಓಡಲಿಲ್ಲ. ಯಾವ ದಿನ ಕೆಟ್ಟಿತು ಅಂತ ಗೊತ್ತಿಲ್ಲದಿದ್ದರೆ, ಕೊನೆಯ ಯಶಸ್ವಿ ಪರೀಕ್ಷೆಯಿಂದೀಚಿನ ಅವಧಿಯ ಅರ್ಧ, ಅಂದರೆ 46 ದಿನ ಕೆಟ್ಟಿತ್ತು ಅಂತ ಹಿಡಿಯುವುದು ರೂಢಿ. ಆ ಪಂಪು ಇಡೀ ವರ್ಷ ಇಲ್ಲದಿದ್ದರೆ ಅಪಾಯ ಹತ್ತು ಲಕ್ಷದಲ್ಲಿ 5 ಏರುತ್ತದೆ ಅಂತಿಟ್ಟುಕೊಳ್ಳೋಣ. 46 ದಿನಕ್ಕೆ ಅದು 0.63, ಹಸಿರು. ಆದರೆ ಕೊನೆಯ ಪರೀಕ್ಷೆ ಮುಗಿದ ಸಂಜೆಯೇ ಬೇರಿಂಗಿನ ಎಣ್ಣೆ ಬದಲಿಸಿ ತಪ್ಪು ಮಟ್ಟಕ್ಕೆ ತುಂಬಿದ್ದರು, ಕೆಟ್ಟದ್ದು ಅದರಿಂದಲೇ ಅಂತ ರೆಸಿಡೆಂಟ್ ಲಾಗಿನಿಂದ ತೋರಿಸಿದರೆ, ಪೂರ್ತಿ 92 ದಿನ ಲೆಕ್ಕಕ್ಕೆ ಬರುತ್ತದೆ. ಆಗ 1.26, ಬಿಳಿ. ಒಂದು ವರ್ಕ್ ಆರ್ಡರಿನ ತಾರೀಕು ಬಣ್ಣ ಬದಲಿಸಿತು. ಅಪಾಯ ವಿಶ್ಲೇಷಕರು ಮಾಡೆಲ್ ಓಡಿಸಿ ಮುಗಿಸಿದ ಮೇಲೆ ಈ ತಾರೀಕು ಬಂದರೆ ಜಗಳ, ಮೊದಲೇ ಬಂದರೆ ಕೆಲಸ. ಆದ್ದರಿಂದ ಮಾಡೆಲ್ ಓಡಿಸುವ ಮುನ್ನ ವಿಶ್ಲೇಷಕರು ಊಹೆಗಳನ್ನೆಲ್ಲ ಒಂದು ಪುಟದಲ್ಲಿ ಬರೆದು (ಎಷ್ಟು ದಿನ ಕೆಟ್ಟಿತ್ತು, ಆಪರೇಟರ್ ಕೈಯಾರೆ ಸರಿಮಾಡಬಹುದಿತ್ತೇ, ಅಲ್ಲಿಗೆ ಹೋಗುವ ದಾರಿ ತೆರೆದಿತ್ತೇ) ರೆಸಿಡೆಂಟ್‌ಗೆ ಕಳಿಸಬೇಕು. ರೆಸಿಡೆಂಟ್ ಆ ದಾರಿಯಲ್ಲಿ ನಡೆದು, ಏಣಿ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ, ಎಷ್ಟು ನಿಮಿಷ ಬೇಕು ಅಂತ ಬರೆದು ವಾಪಸ್ ಕಳಿಸಬೇಕು.

ಈಗ ಸೇವೆಯ ಅತಿ ದುರ್ಬಲ ಭಾಗಕ್ಕೆ ಬರೋಣ. ಪರವಾನಗಿಯ ಒಂದು ಸಾಲಿನ ಅರ್ಥವೇ ಗೊಂದಲವಾದರೆ ಪ್ರಾದೇಶಿಕ ಕಚೇರಿ ರಾಕ್‌ವಿಲ್‌ಗೆ ಅಧಿಕೃತವಾಗಿ ಪ್ರಶ್ನೆ ಕಳಿಸಬಹುದು. ಮೊದಲು ಇದಕ್ಕೆ ಟಾಸ್ಕ್ ಇಂಟರ್‌ಫೇಸ್ ಅಗ್ರಿಮೆಂಟ್ ಅನ್ನುತ್ತಿದ್ದರು, ಈಗ ಟೆಕ್ನಿಕಲ್ ಅಸಿಸ್ಟೆನ್ಸ್ ರಿಕ್ವೆಸ್ಟ್. ಹಳೆಯ ಪದ್ಧತಿಯಲ್ಲಿ ಉತ್ತರ ಬರುವುದು ಬಹಳ ತಡವಾಗುತ್ತಿತ್ತು. ಕೇಳಿದ ಇನ್‌ಸ್ಪೆಕ್ಟರ್ ವರ್ಗವಾಗಿ ಹೋದ ಮೇಲೆ ಉತ್ತರ ಬಂದರೆ ಯಾರಿಗೆ ಉಪಯೋಗ? ಹೊಸ ಪದ್ಧತಿಯಲ್ಲಿ ಮೊದಲೇ ಎಲ್ಲರೂ ಕೂತು ಪ್ರಶ್ನೆ ತಿದ್ದುವ ಹಂತ ಇರುವುದು ಒಳ್ಳೆಯದು. ಆದರೂ ಪ್ರಶ್ನೆ ಹೇಗೆ ಬರೆಯುತ್ತಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ‘ಈ ವಾಲ್ವಿನ ಸ್ಥಿತಿ ಒಪ್ಪತಕ್ಕದ್ದೇ?’ ಅಂತ ಕೇಳಿದರೆ ಕೇಂದ್ರದ ಐದು ವಿಭಾಗಗಳಿಗೆ ಸುತ್ತುತ್ತದೆ. ‘ಪರವಾನಗಿಯ ಈ ಪುಟ, ಈ ಪ್ಯಾರಾ ಪ್ರಕಾರ ಯಾವುದಾದರೂ ಒಂದು ಭಾಗ ಕೆಟ್ಟರೂ ಈ ವಾಲ್ವು ತಡೆದುಕೊಳ್ಳಬೇಕೇ, ಹೌದೋ ಅಲ್ಲವೋ?’ ಅಂತ ಕೇಳಿ, ಆ ಪುಟ, ವಾಲ್ವಿನ ಡ್ರಾಯಿಂಗ್, ಕಂಪನಿಯ ಲಿಖಿತ ನಿಲುವು ಮೂರನ್ನೂ ಲಗತ್ತಿಸಿದರೆ ಒಬ್ಬರ ಮೇಜಿಗೆ ನೇರ ಹೋಗುತ್ತದೆ. ಉತ್ತರ ಹೌದು ಆದರೆ ಏನು ಮಾಡುತ್ತೇವೆ, ಅಲ್ಲ ಆದರೆ ಏನು ಮಾಡುತ್ತೇವೆ ಅನ್ನುವುದನ್ನೂ ಬರೆದಿರಬೇಕು. ಎರಡಕ್ಕೂ ಒಂದೇ ಕ್ರಮ ಅಂತಾದರೆ ಪ್ರಶ್ನೆ ಕಳಿಸುವ ಅಗತ್ಯವೇ ಇಲ್ಲ.

ಇದರ ಜೊತೆಗೆ ಬಂದದ್ದು ವಿಎಲ್‌ಎಸ್‌ಎಸ್‌ಐಆರ್, ಅಂದರೆ ಸುರಕ್ಷತೆಯ ದೃಷ್ಟಿಯಿಂದ ತೀರಾ ಸಣ್ಣ ವಿಷಯಗಳನ್ನು ಇತ್ಯರ್ಥ ಮಾಡುವ ಕ್ರಮ. ಪರವಾನಗಿಯಲ್ಲಿ ಸ್ಪಷ್ಟವಿಲ್ಲ, ಇದ್ದರೂ ಹಸಿರಿಗಿಂತ ಮೇಲೆ ಹೋಗುವ ವಿಷಯವಲ್ಲ ಅಂತಾದರೆ, ಅಲ್ಲಿಗೇ ನಿಲ್ಲಿಸಿ ಅಷ್ಟನ್ನು ತಪಾಸಣಾ ವರದಿಯಲ್ಲಿ ದಾಖಲಿಸುವ ದಾರಿ. ಸಮಯ ಉಳಿಯುತ್ತದೆ ನಿಜ. ಆದರೆ ‘ಹಸಿರಿಗಿಂತ ಮೇಲೆ ಹೋಗುವುದಿಲ್ಲ’ ಅನ್ನುವ ತೀರ್ಮಾನ ಅವಸರದಲ್ಲಿ ಆಗಬಾರದು, ಹಾಗೆ ಮುಚ್ಚಿದ ವಿಷಯ ಇನ್ನೊಂದು ಸ್ಥಾವರದಲ್ಲೂ ಬಂದಾಗ ಯಾರಾದರೂ ಎರಡನ್ನೂ ಜೋಡಿಸಿ ನೋಡಬೇಕು. ಜೋಡಿಸುವ ಆ ಕೆಲಸ ಕೇಂದ್ರದ್ದು. ಒಂದೇ ಸ್ಥಾವರದಲ್ಲಿ ಕೂತ ರೆಸಿಡೆಂಟ್‌ಗೆ ಅದು ಸಾಧ್ಯವಿಲ್ಲ.

ಕೇಂದ್ರ ಆ ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಬೈರನ್ ಸಾಕ್ಷಿ. 2012ರ ಜನವರಿ 30ರಂದು ಇಲಿನಾಯ್‌ನ ಬೈರನ್ 2ನೇ ಘಟಕದ ಸ್ವಿಚ್‌ಯಾರ್ಡಿನಲ್ಲಿ ಒಂದು ಇನ್ಸುಲೇಟರ್ ಮುರಿದು ಮೂರರಲ್ಲಿ ಒಂದು ಫೇಸ್ ಹೋಯಿತು. ವೋಲ್ಟೇಜ್ ಇಳಿದದ್ದನ್ನು ಹಿಡಿಯುವ ರಿಲೇಗಳ ಲಾಜಿಕ್ ಇಂಥ ಸ್ಥಿತಿಯನ್ನು ಗುರುತಿಸುವಂತೆ ಮಾಡಿರಲಿಲ್ಲ. ಡೀಸೆಲ್ ಜನರೇಟರ್ ತಾನಾಗಿ ಹೊಣೆ ಹೊರಲಿಲ್ಲ. ಆಪರೇಟರುಗಳು ಪತ್ತೆಹಚ್ಚಿ ಬ್ರೇಕರ್ ಬಿಚ್ಚಲು ಸುಮಾರು ಎಂಟು ನಿಮಿಷ ಬೇಕಾಯಿತು. ಇದು ಬೈರನ್ ಒಂದರ ದೋಷವಲ್ಲ, ವಿನ್ಯಾಸದ ದೋಷ ಅಂತ ಗುರುತಿಸಿ ಅದೇ ಜುಲೈನಲ್ಲಿ ಬುಲೆಟಿನ್ 2012-01 ದೇಶದ ಎಲ್ಲ ಸ್ಥಾವರಗಳಿಗೂ ಹೋಯಿತು.

ಸ್ಥಳದವರಿಗೂ ಕೇಂದ್ರದವರಿಗೂ ಒಮ್ಮತ ಬಾರದಿದ್ದರೆ? ವರದಿಗೆ ಸಹಿ ಹಾಕದೆ ಕಾರಣ ಬರೆಯುವ ನಾನ್-ಕನ್‌ಕರೆನ್ಸ್ ಇದೆ, ಅದರ ಮೇಲೆ ಡಿಫರಿಂಗ್ ಪ್ರೊಫೆಷನಲ್ ಒಪಿನಿಯನ್ ಎಂಬ ಅಧಿಕೃತ ಭಿನ್ನಾಭಿಪ್ರಾಯದ ದಾರಿ ಇದೆ. ಕ್ಯಾಲಿಫೋರ್ನಿಯಾದ ಡಯಾಬ್ಲೊ ಕ್ಯಾನ್ಯನ್‌ನ ಮಾಜಿ ಸೀನಿಯರ್ ರೆಸಿಡೆಂಟ್ ಒಬ್ಬರು, ಹೊಸದಾಗಿ ಗೊತ್ತಾದ ಭೂಕಂಪ ಬಿರುಕಿನ ಮಾಹಿತಿ ಪರವಾನಗಿಯ ಲೆಕ್ಕವನ್ನು ಮೀರುತ್ತದೆ ಅಂತ 2013ರಲ್ಲಿ ಇದೇ ದಾರಿ ಹಿಡಿದರು. ಸಮಿತಿ ಪರಿಶೀಲಿಸಿತು, ಮೇಲ್ಮನವಿಯೂ ಆಯಿತು. 2014ರಲ್ಲಿ ಕೇಂದ್ರ ಒಪ್ಪಲಿಲ್ಲ. ಫಲಿತಾಂಶ ಏನೇ ಇರಲಿ, ಅವರ ವಾದವೂ ಕೇಂದ್ರದ ಉತ್ತರವೂ ಸಾರ್ವಜನಿಕ ಕಡತದಲ್ಲಿವೆ, ಯಾರು ಬೇಕಾದರೂ ಓದಬಹುದು. ಇದು ಈ ಸೇವೆಯ ದೊಡ್ಡ ಗುಣ.

ಕೊರತೆಯ ಪಟ್ಟಿಯಲ್ಲಿ ಇನ್ನೊಂದು, ಪ್ರದೇಶದಿಂದ ಪ್ರದೇಶಕ್ಕೆ ಅಳತೆಗೋಲು ಬದಲಾಗುವುದು. 2013ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ, ಕೆಳಮಟ್ಟದ ಉಲ್ಲಂಘನೆಗಳ ಪ್ರಮಾಣ ಪಶ್ಚಿಮದ ಪ್ರದೇಶದಲ್ಲಿ ಆಗ್ನೇಯದ ಎರಡು ಪಟ್ಟಿಗೂ ಹೆಚ್ಚಿದೆ ಅಂತ ತೋರಿಸಿತು. ಪಶ್ಚಿಮದ ಸ್ಥಾವರಗಳೆಲ್ಲ ಅಷ್ಟು ಕೆಟ್ಟಿವೆ ಅಂತ ಇದರ ಅರ್ಥವಲ್ಲ. ಒಂದೇ ಕೈಪಿಡಿಯನ್ನು ನಾಲ್ಕು ಕಚೇರಿ ನಾಲ್ಕು ಥರ ಓದುತ್ತವೆ. ಕೈಪಿಡಿ ಬರೆಯುವ ಕೇಂದ್ರದವರು ವರ್ಷಕ್ಕೆ ಎರಡು-ಮೂರು ದಿನವಾದರೂ ರೆಸಿಡೆಂಟ್ ಜೊತೆ ಹೆಲ್ಮೆಟ್ ಹಾಕಿ, ವಿಕಿರಣ ಅಳೆಯುವ ಡೋಸಿಮೀಟರ್ ತೊಟ್ಟು ನಡೆದು, ತಾವು ಬರೆದ ಹಂತಗಳನ್ನು ತಾವೇ ಮಾಡಿ ನೋಡಬೇಕು. ಕೈಪಿಡಿ ತಿದ್ದಲು ಇನ್‌ಸ್ಪೆಕ್ಟರುಗಳು ತುಂಬಿ ಕಳಿಸುವ ಫೀಡ್‌ಬ್ಯಾಕ್ ಫಾರ್ಮ್ ಇದೆ; ಕಳಿಸಿದವರಿಗೆ ಏನಾಯಿತು ಅಂತ ಹೆಸರು ಹಿಡಿದು ಉತ್ತರ ಹೋಗಬೇಕು. ಎರಡು ಸಲ ಉತ್ತರ ಬಾರದಿದ್ದರೆ ಮೂರನೆಯ ಸಲ ಯಾರೂ ತುಂಬುವುದಿಲ್ಲ.

ಅಂಕ ಕೊಡುವುದಾದರೆ ಸ್ಥಳದ ತಪಾಸಣೆಗೆ ಐದಕ್ಕೆ ನಾಲ್ಕೂವರೆ, ತುರ್ತಿನಲ್ಲಿ ಒಟ್ಟು ಸೇರುವುದಕ್ಕೆ ನಾಲ್ಕೂವರೆ, ಸದ್ದಿಲ್ಲದೆ ಬೆಳೆಯುವ ವಿಷಯವನ್ನು ಕೇಂದ್ರಕ್ಕೆ ಮುಟ್ಟಿಸುವುದಕ್ಕೆ ಮೂರು, ಉತ್ತರ ವಾಪಸ್ ಬರುವ ವೇಗಕ್ಕೆ ಎರಡೂವರೆ.

ನಮ್ಮವರಿಗೆ ಇದು ದೂರದ ಮಾತಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅವುಗಳ ಮೇಲೆ ಕಣ್ಣಿಡುವ ಅಣುಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ, ಕೇಂದ್ರ ಕಚೇರಿ ಮುಂಬೈನ ಅಣುಶಕ್ತಿನಗರದಲ್ಲಿ. 2015ರಲ್ಲಿ ಬಂದ ಅಂತರರಾಷ್ಟ್ರೀಯ ಪರಿಶೀಲನಾ ತಂಡ, ಸ್ಥಳ ತಪಾಸಣೆಗಳನ್ನು ಇನ್ನೂ ಹೆಚ್ಚಿಸುವ ಬಗ್ಗೆ ಯೋಚಿಸಿ ಅಂತ ಎಇಆರ್‌ಬಿಗೆ ಹೇಳಿತ್ತು. ಸ್ಥಾವರಗಳಲ್ಲಿ ತನ್ನ ವೀಕ್ಷಕರನ್ನು ಇರಿಸುವ ಕ್ರಮವನ್ನು ಎಇಆರ್‌ಬಿಯೂ ಶುರುಮಾಡಿದೆ. ಮೇಲೆ ಹೇಳಿದ ಮೂರು ಪ್ರಶ್ನೆ, ಊಹೆಗಳ ಒಂದು ಪುಟ, ಫೋಟೋಗಳೇ ಹೋಗಬೇಕೆಂಬ ಕಟ್ಟಳೆ ಇವಕ್ಕೆ ಕಾನೂನು ತಿದ್ದುಪಡಿಯೂ ಬೇಡ, ದುಡ್ಡೂ ಬೇಡ.

ಅಮೆರಿಕದಲ್ಲಿ ಸ್ಥಾವರದ ಹತ್ತಿರ ಇರುವವರು ತಮ್ಮ ಸ್ಥಾವರದ ತ್ರೈಮಾಸಿಕ ತಪಾಸಣಾ ವರದಿಯನ್ನು ಎನ್‌ಆರ್‌ಸಿಯ ಆಡಮ್ಸ್ ಕಡತಕೋಶದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ತೆರೆದಾಗ ಬಣ್ಣಕ್ಕಿಂತ ಮೊದಲು ಪ್ರತಿ ಫೈಂಡಿಂಗ್ ಮುಂದೆ ಏನು ಬರೆದಿದೆ ನೋಡಿ: ಎನ್‌ಆರ್‌ಸಿಯೇ ಕಂಡುಹಿಡಿದದ್ದೋ, ತಾನಾಗಿ ಕೆಟ್ಟು ಗೊತ್ತಾದದ್ದೋ. ವರ್ಷದ ನಾಲ್ಕೂ ವರದಿಯಲ್ಲಿ ಎರಡನೆಯ ಬಗೆಯೇ ತುಂಬಿದ್ದರೆ, ವರ್ಷಕ್ಕೊಮ್ಮೆ ನಡೆಯುವ ಸಾರ್ವಜನಿಕ ಸಭೆಗೆ ಹೋಗಿ ರೆಸಿಡೆಂಟ್ ಜೊತೆ ಪ್ರಾಜೆಕ್ಟ್ ಮ್ಯಾನೇಜರ್ ಬಂದಿದ್ದಾರೆಯೇ ವಿಚಾರಿಸಿ, ಅವರು ಕೊನೆಯ ಸಲ ಸ್ಥಾವರದೊಳಗೆ ನಡೆದದ್ದು ಯಾವ ತಿಂಗಳು ಅಂತ ಕೇಳಿ.